ಮನೆಗೆ ಹೋಗುವ ಪುಸ್ತಕ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅತಿಥಿಗಳೇ, ಪುಸ್ತಕ ಬದಲಾಯಿಸಲು ಬಂದು ಸಭೆಯಲ್ಲಿ ಸಿಕ್ಕಿಕೊಂಡ ಸಭಿಕರೇ,

ಗ್ರಂಥಪಾಲಕಿಯ ಕೆಲಸದಿಂದ ನಿವೃತ್ತಿಯಾಗುವ ದಿನ ನಾಲ್ಕು ಒಳ್ಳೆಯ ಮಾತಾಡಿ ಕುಳಿತುಕೊಳ್ಳಿ ಎಂದಿದ್ದಾರೆ ಕಾರ್ಯದರ್ಶಿಗಳು. ಕುಳಿತುಕೊಳ್ಳಲು ಮನಸ್ಸಾಗುತ್ತಿಲ್ಲ. ಮುಂದಿನ ವಾರದಿಂದ ನಮ್ಮ ಗ್ರಂಥಾಲಯ ಪುಸ್ತಕಗಳನ್ನು ಮನೆಗೆ ಕೊಡುವುದಿಲ್ಲ, ಇಲ್ಲೇ ಕೂತು ಓದಬೇಕು ಎಂದು ಅಧ್ಯಕ್ಷರು ಈಗಷ್ಟೇ ಸಾರಿದರು. ನೀವು ಚಪ್ಪಾಳೆ ತಟ್ಟಿದಿರಿ. ಯಾತಕ್ಕೆ ತಟ್ಟಿದಿರಿ?

ಪುಸ್ತಕಗಳು ಹರಿಯುತ್ತವೆ, ನಿಜ. ಎಣ್ಣೆ ಕಲೆ ಅಂಟಿಸಿಕೊಂಡು ಬರುತ್ತವೆ. ಓದಿದ ಪುಟಕ್ಕೆ ಗುರುತಾಗಿ ಹಲ್ಲುಜ್ಜುವ ಬ್ರಷ್ ಇಟ್ಟು ಕೊಟ್ಟವರೂ ಇದ್ದಾರೆ. ಆದರೂ ಕೇಳಿ.

ನನಗೂ ನನ್ನ ಅಕ್ಕನಿಗೂ ಮಾತಿರಲಿಲ್ಲ. ಕೊನೆಗಾಲದಲ್ಲಿ ಅಮ್ಮನನ್ನು ಯಾರು ಹೆಚ್ಚು ನೋಡಿಕೊಂಡರೆಂಬ ಹಾಳು ಜಗಳ. ಅಕ್ಕ ಮಾತು ಬಿಟ್ಟಳು, ಕಾದಂಬರಿ ಬಿಡಲಿಲ್ಲ. ವರ್ಷಗಟ್ಟಲೆ ಅವಳು ನನ್ನ ಮೇಜಿನ ಮೇಲೆ ಪುಸ್ತಕ ಇಟ್ಟಳು, ನಾನು ಮೊಹರು ಒತ್ತಿದೆ. ಅವಳು ಹಿಂತಿರುಗಿಸಿದ್ದನ್ನು ನಾನು ಮನೆಗೊಯ್ದು ಓದುತ್ತಿದ್ದೆ. ಎಲ್ಲಿ ನಕ್ಕಿರಬಹುದು, ಎಲ್ಲಿ ಅತ್ತಿರಬಹುದು ಎಂದು ಹುಡುಕುತ್ತಾ... ಇದನ್ನೆಲ್ಲ ಹೇಳಲು ಬಂದಿರಲಿಲ್ಲ. ಇರಲಿ.

ಕಳೆದ ಚಳಿಗಾಲದಲ್ಲಿ ಅಕ್ಕ ಒಂದು ಪುಸ್ತಕ ತಂದಿಟ್ಟು, "ಇದು ಬೇಡ" ಎಂದಳು.

"ಚೆನ್ನಾಗಿಲ್ವಾ?"

"ಕಣ್ಣು ಕಾಣಿಸ್ತಿಲ್ಲ ಕಣೇ. ಇನ್ನು ಸರಿಹೋಗಲ್ಲ ಅಂದ್ರು ಡಾಕ್ಟ್ರು. ಕಾರ್ಡು ತಗೋ, ಬೇರೆ ಯಾರಿಗಾದ್ರೂ ಕೊಡು."

ಅವಳ ಹಿಂದೆ ಸಾಲು ನಿಂತಿತ್ತು. ನನ್ನ ಬಾಯಿಂದ ಬಂದದ್ದು ಇಷ್ಟೇ: "ಕಾರ್ಡು ಇಟ್ಕೊ. ಸಂಜೆ ಬಂದು ನಾನೇ ಓದಿ ಹೇಳ್ತೀನಿ."

"ನಿಂಗೆಲ್ಲಿ ಓದಕ್ಕೆ ಬರತ್ತೆ? ಚಿಕ್ಕಂದಿನಿಂದ ಗಡಬಡ ಗಡಬಡ."

"ನಿಧಾನಕ್ಕೆ ಓದ್ತೀನಿ ಅಕ್ಕ."

ಅಂದಿನಿಂದ ಪ್ರತಿ ಸಂಜೆ ಓದುತ್ತಿದ್ದೇನೆ. ಗಡಬಡಿಸಿದರೆ ಮೊಣಕೈ ಚಿವುಟುತ್ತಾಳೆ. ಅಮ್ಮನ ವಿಷಯ ಇಬ್ಬರೂ ಎತ್ತಿಲ್ಲ; ಎತ್ತುವುದೂ ಇಲ್ಲವೇನೋ. ಅವಳನ್ನು ಇಲ್ಲಿಗೆ ಕರೆತಂದು ಓದಿ ಹೇಳಲೇ, ಅಧ್ಯಕ್ಷರೇ? ನಿಮ್ಮ ಗೋಡೆಯ ಮೇಲೆ ‘ಸದ್ದು ಮಾಡಬೇಡಿ’ ಎಂದು ಬರೆದಿದೆ.

ಕಾರ್ಯದರ್ಶಿಗಳು ಕೆಮ್ಮುತ್ತಿದ್ದಾರೆ. ಮುಗಿಸುತ್ತೇನೆ. ಇಂದು ಅಕ್ಕನ ಕಾರ್ಡಿಗೆ ಒಂದು ಕಾದಂಬರಿ ತೆಗೆದುಕೊಂಡಿದ್ದೇನೆ. ದಪ್ಪ ಪುಸ್ತಕ, ಗಡುವಿನೊಳಗೆ ಮುಗಿಯುವಂಥದ್ದಲ್ಲ. ಗಡುವಿಗೆ ಸರಿಯಾಗಿ ತಂದೊಪ್ಪಿಸುತ್ತೇನೆ. ಅರ್ಧ ಕಥೆ ಉಳಿದಿರುತ್ತದೆ. ಅದನ್ನು ಮತ್ತೆ ಮನೆಗೆ ಕೊಡುತ್ತೀರೋ ಇಲ್ಲವೋ ಎಂದು ಮೇಜಿನ ಈಚೆ, ಓದುಗರ ಕಡೆ ನಿಂತು ಕೇಳುತ್ತೇನೆ. ನನ್ನ ಜೊತೆ ನೀವೂ ಬಂದು ನಿಲ್ಲಿ, ಸಭಿಕರೇ.

ಹೊತ್ತಾಯಿತು, ಅಕ್ಕ ಬಾಗಿಲ ಕಡೆಗೇ ಕಿವಿಯಿಟ್ಟು ಕೂತಿರುತ್ತಾಳೆ. ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಕೃತಜ್ಞತೆಗಳು, ನಮಸ್ಕಾರ.