ಮೋಹಿನಿಯಕ್ಕನಿಗೆ ಒಂದೊಂದು ಕಾರ್ಡು

ಅಧ್ಯಕ್ಷರಾದ ಪಿಯುಸ್ ಅವರೇ, ದಾರ್ಸೈಟಿನ ಒಂದು ಬಾಡಿಗೆ ಕೋಣೆಯಲ್ಲಿ ಈ ಕನ್ನಡ ಸಂಘವನ್ನು ಕಟ್ಟಿ ಬೆಳೆಸಿದ ಹಿರಿಯರೇ, ಕುಂಚ ಹಿಡಿದು ಕುಳಿತಿರುವ ಮಕ್ಕಳೇ, ಸಭಿಕರೇ, ತಮಗೆಲ್ಲ ವಂದನೆಗಳು. ಶುಕ್ರವಾರದ ಸಭೆಯನ್ನು ಮಕ್ಕಳಿಗೆ ಬಿಟ್ಟುಕೊಟ್ಟ ಹಿರಿಯರಿಗೆ ನಾನು ಋಣಿ.

ನಾಳೆ ಮೋಹಿನಿಯಕ್ಕ ಒಮಾನ್ ಬಿಟ್ಟು ಊರಿಗೆ ಹೊರಡುತ್ತಾರೆ, ಮರಳಿ ಬರುವುದಿಲ್ಲ. ಹೆರಿಗೆಯ ಹೊತ್ತಿಗೆ ಅಜ್ಜಿಗೆ ವೀಸಾ ಸಿಗದ ಮನೆಗಳಿಗೆಲ್ಲ ಬೆಳಗ್ಗೆ ಬಂದು, ಬಾಣಂತಿಗೆ ಎಣ್ಣೆ ತಿಕ್ಕಿ, ಕೂಸನ್ನು ಕಾಲ ಮೇಲೆ ಮಲಗಿಸಿ ಮೀಯಿಸಿದವರು ಅವರು. ಸನ್ಮಾನಕ್ಕೆ ಕರೆಯಲು ಹೋದಾಗ ನನ್ನನ್ನೇ ಗದರಿದರು: "ಶಾಲು ಹೊದೆಸ್ಲಿಕ್ಕೆ ನಾನೇನು ಮಂತ್ರಿಯಾ ಮಾಸ್ಟ್ರೇ? ಮೀಯಿಸಿದ್ದು ಆ ಮಕ್ಕಳಿಗೆ ನೆನಪುಂಟಾ? ನಾನು ಯಾರೂಂತಾದ್ರೂ ಗೊತ್ತುಂಟಾ?"

ನೆನಪೇ ಇಲ್ಲದ ಉಪಕಾರಕ್ಕೆ ಕೃತಜ್ಞತೆ ಹೇಳುವುದು ಹೇಗೆ?

ದಾರಿ ತೋರಿಸಿದವರು ನಮ್ಮ ಸಂಘದ ಗ್ರೆಟ್ಟಾ. ಅವರ ಕಚೇರಿಯ ಜಪಾನಿ ಸಹೋದ್ಯೋಗಿಗಳು ಅಂಚೆಕಾರ್ಡಿನಲ್ಲಿ ಒಂದು ಹಣ್ಣನ್ನೋ ಎಲೆಯನ್ನೋ ಬಿಡಿಸಿ, ಪಕ್ಕದಲ್ಲಿ ಒಂದೇ ಮಾತು ಬರೆದು ಕೊಡುತ್ತಾರಂತೆ. ಉಳಿದ ಜಾಗ ಖಾಲಿ. ಇವತ್ತು ನಮ್ಮ ಮಕ್ಕಳೂ ಮೋಹಿನಿಯಕ್ಕನಿಗೆ ಅಂಥದೇ ಒಂದೊಂದು ಕಾರ್ಡು ಬಿಡಿಸುತ್ತಾರೆ. ನಾವು ಕಳೆದ ವರ್ಷ ಅಚ್ಚು ಹಾಕಿಸಿದ ಕಾರ್ಡಿನಲ್ಲಿ ಅಧ್ಯಕ್ಷರಿಂದ ಜೊತೆ ಖಜಾಂಚಿಯವರೆಗೆ ಎಲ್ಲರ ಹೆಸರೂ ಇತ್ತು. ಧನ್ಯವಾದಕ್ಕೆ ಮಾತ್ರ ಜಾಗ ಉಳಿದಿರಲಿಲ್ಲ!

"ಅಂಕಲ್, ಐ ಡೋಂಟ್ ರಿಮೆಂಬರ್ ಹರ್. ವಾಟ್ ಶುಡ್ ಐ ಡ್ರಾ?" ಎಂದಳು ನಿನ್ನೆ ಮೊದಲ ಕಾರ್ಡಿಗೆ ಕುಳಿತ ಸಮೀಕ್ಷಾ. ಅಮ್ಮನನ್ನು ಕೇಳಿಕೊಂಡು ಬಾ ಎಂದೆ. ಕೇಳಿ ಬಂದು, ಬಕೆಟ್ಟಿನ ನೀರಿಗೆ ಇಳಿದ ಒಂದು ಮೊಣಕೈಯನ್ನು ಬಿಡಿಸಿ, ಕನ್ನಡದಲ್ಲೇ ಬರೆದಳು: "ನೀರು ಹದವಾಗಿತ್ತಂತೆ, ಅಜ್ಜಿ."

ಇದಕ್ಕಿಂತ ಹೆಚ್ಚಿನದೇನು ಬೇಕು? ನಿಮಗೆ ನೆನಪಿಲ್ಲದಿದ್ದರೆ ಹಾಗೆಯೇ ಬರೆಯಿರಿ. ಕೇಳಿ ತಿಳಿದ ಉಪಕಾರವೂ ಉಪಕಾರವೇ ಅಲ್ಲವೇ?

ನನ್ನದೂ ಒಂದು ಕಾರ್ಡಿದೆ. ನಮ್ಮ ಮನೆಯ ತೊಟ್ಟಿಲು ತುಂಬಲಿಲ್ಲ. ಆಸ್ಪತ್ರೆಯಿಂದ ನಾವಿಬ್ಬರೇ ಮರಳಿದೆವು. ಮರುದಿನ ಬೆಳಗ್ಗೆ ಮೋಹಿನಿಯಕ್ಕ ಬಾಗಿಲಲ್ಲಿ ನಿಂತಿದ್ದರು. "ಮಗು ಇಲ್ಲ ಅಕ್ಕ, ಯಾಕೆ ಬಂದಿರಿ?" ಎಂದೆ. "ಹೆತ್ತವಳು ಇದ್ದಾಳಲ್ಲ, ನೀರು ಕಾಯಿಸಿ" ಎಂದು ಒಳಗೆ ನಡೆದರು. ಬಾಣಂತನ ಮುಗಿಯುವವರೆಗೂ ದಿನವೂ ಬಂದರು. ನನ್ನ ಹೆಂಡತಿ ಮೊದಲ ಸಲ ಗಟ್ಟಿಯಾಗಿ ಅತ್ತದ್ದು ಆ ಬಚ್ಚಲಿನಲ್ಲಿ.

ಕ್ಷಮಿಸಬೇಕು, ಇದನ್ನು ಹೇಳಲು ನಾನು ಎದ್ದು ನಿಂತದ್ದಲ್ಲ.

ಸಂಜೆ ನಾವೆಲ್ಲ ಅವರ ಮನೆಗೆ ಹೋಗುತ್ತೇವೆ. ಅಷ್ಟರೊಳಗೆ ಬಣ್ಣ ಒಣಗಬೇಕು. ತಾಯಂದಿರೇ, ಮಕ್ಕಳ ಪಕ್ಕದಲ್ಲಿ ಕುಳಿತು ನಿಮಗೆ ನೆನಪಿರುವುದನ್ನು ಹೇಳಿರಿ. ತಾಳ್ಮೆಯಿಂದ ಕೇಳಿದ್ದಕ್ಕೆ ಧನ್ಯವಾದ, ಎಲ್ಲರಿಗೂ ನಮಸ್ಕಾರ. ಮಕ್ಕಳೇ, ಕುಂಚ ಅದ್ದಿರಿ. ಸ್ವಲ್ಪ ಸರಿದು ನನಗೂ ಜಾಗ ಕೊಡಿ.