ಓ ನೆಗೆಟಿವ್ ಪಟ್ಟಿ

ಇಲ್ರಿ ಲಾಡಲೇಸಾಬ ಕಾಕಾ, ಪಟ್ಟಿ ಖಾಲಿ ಆಗಿಲ್ಲ! ನನ್ನ ಮೊಬೈಲ್ ಇತ್ತಾಗ ಕೊಡ್ರಿ. ಗೊತ್ತೈತಿ, ನಿಮ್ಮ ಮಗಳು ಜೀನತಗ ಹೆರಿಗಿ ಆಗಿ ರಕ್ತ ನಿಂದ್ರವಲ್ದು, ಓ ನೆಗೆಟಿವ್ ಬೇಕು, ಡಾಕ್ಟರ ಒಂದೇ ತಾಸು ಅಂದಾರ. ಗೊತ್ತೈತ್ರಿ! ಇಂಥಾ ಹೊತ್ತಿಗಂತನ ಅಲ್ಲೇನು ನಾ ಈ ಪೇಜ್ ಮಾಡಿದ್ದು? ತಿಕೋಟಾ, ಬಬಲೇಶ್ವರ, ಮಮದಾಪುರ... ಊರೂರು ತಿರಗಿ ರಕ್ತ ಕೊಡವ್ರ ಹೆಸರು ಬರಕೊಂಡು ಬಂದೀನಿ. ಏಳನೇ ಕ್ಲಾಸಿಗಿ ಸಾಲಿ ಬಿಟ್ಟವ ನಾ, ಮೊಬೈಲಿನ್ಯಾಗ ವಿಡಿಯೋ ನೋಡಿ ಕಲತೀನಿ.

ಇದಕ್ಕ ಫಿಲ್ಟರ್ ಅಂತಾರ್ರಿ. ಪಟ್ಟ್ಯಾಗಿನ ಒಬ್ಬೊಬ್ಬರನ್ನ ಕರದು ಕೇಳತೈತಿ: ನಿಂದು ಓ ನೆಗೆಟಿವ್ ಐತೇನು? ರಕ್ತ ಕೊಟ್ಟು ಮೂರು ತಿಂಗಳಾತೇನು? ಹೌದಂದವ್ರನ್ನ ಬ್ಯಾರೆ ಪಟ್ಟ್ಯಾಗ ನಿಂದ್ರಸತೈತಿ. ಹಳೇ ಪಟ್ಟಿ ಇದ್ದಂಗ ಇರತೈತಿ, ಯಾರೂ ಅಳಿಸಿ ಹೋಗಂಗಿಲ್ಲ...

ಯಾಕ ಹಂಗ ನೋಡ್ತೀರಿ? ಒಬ್ಬರೂ ಬಂದಿಲ್ಲ, ಕಾಣಾಕತ್ತೈತಿ ನನಗೂ! ತಡೀರಿ... ತಡೀರಿ... ಹಾಂ! ಸಿಕ್ತು! ಯಾವಾಗ ಕೊಟ್ಟೀರಿ ಅಂದ್ರ ನಮ್ಮ ಮಂದಿ ತಾರೀಖ ಎಲ್ಲಿ ಹೇಳತೈತ್ರಿ? ಅರಕೇರಿ ರುದ್ರವ್ವ ಕಾರಹುಣ್ಣಿವಿ ಮರುದಿನ ಅಂದ್ಲು. ಬಂದೇನವಾಜ ಉರುಸಿನ್ಯಾಗ ಅಂದ. ನಾ ಶಾಣ್ಯಾ, ಅಂದಿದ್ದು ಅಂದಂಗ ಬರದೀನಿ! ಕಾರಹುಣ್ಣಿವಿ ಅಂದ್ರ ಕಂಪ್ಯೂಟರಿಗಿ ಏನು ತಿಳಿತೈತಿ? ಇಬ್ಬರನ್ನೂ ಹೊರಗ ಹಾಕೈತಿ. ಯಾಕ ನಗತೀರಿ ಕಾಕಾ?... ನಗ್ರಿ, ನಗ್ರಿ. ಅಳೂದಕಿಂತ ಚಲೋ.

ತಾರೀಖ ಹಾಕಿದೆ. ಬಂದ್ರು ನೋಡ್ರಿ, ಇಬ್ಬರೂ ಬಂದ್ರು! ತಡೀರಿ, ಫೋನ್ ಹಚ್ಚತೀನಿ... ಹಲೋ, ರುದ್ರವ್ವಾ?... ಸೊಲ್ಲಾಪುರದಾಗ? ಯಾವಾಗ ಬರ್ತಿ?... ಆತು ಬಿಡವಾ. ಬಂದೇನವಾಜಾ, ಎಲ್ಲಿದ್ದಿಯೋ?... ಡೆಂಗಿ ಜ್ವರಾನ?... ಮಲಕೋ, ಮಲಕೋ.

ಬ್ಯಾರೆ ಯಾರೂ ಇಲ್ರಿ ಕಾಕಾ. ಇಬ್ಬರ. ಖರೇನ ಇಬ್ಬರ.

ಯಾಕ ಮೊಬೈಲ್ ಕಸಗೊಂಡ್ರಿ? ಅದು ಹಳೇ ಪಟ್ಟಿರಿ, ಅದರಾಗ ಎಲ್ಲಾ ನಮೂನಿ ರಕ್ತದವ್ರು ಇರತಾರ. ಅಷ್ಟು ಮ್ಯಾಲೆ ಹೋಗಬ್ಯಾಡ್ರಿ... ಕೊಡ್ರಿ ಇಲ್ಲೆ...

ಬಟ್ಟು ಯಾಕ ಮೊದಲನೇ ಹೆಸರಿನ ಮ್ಯಾಲೆ ಇಟ್ಟೀರಿ?

ಬೇಕಾದ್ರ ಬೈರಿ. ಆ ಹೆಸರಿನ ಮ್ಯಾಲಿಂದ ಬಟ್ಟು ತಗೀರಿ ಕಾಕಾ...

ಹೌದ್ರಿ. ಆ ಮೊದಲನೇ ಹೆಸರಿನ ಸಂಗನಬಸವ ಅಂದ್ರ ನಾನ. ನಂದೂ ಓ ನೆಗೆಟಿವ್. ಒಮ್ಮೆರೆ ಕೊಟ್ಟಿಲ್ಲ. ಸೂಜಿ ಕಂಡ್ರ ಜೀವ ಬಾಯಿಗಿ ಬರತೈತಿ. ಮಂದಿ ಶಾಬಾಸ್ ಅನ್ನಲಿ ಅಂತ ಎಲ್ಲಾರಕಿಂತ ಮ್ಯಾಲೆ ಹೆಸರು ಬರಕೊಂಡೆ. ಯಾರರೆ ಹುಡಕಿದ್ರ ಮಾತ್ರ ನಾ ಸಿಗಬಾರದು... ಅದಕ್ಕ ಫಿಲ್ಟರಿನ್ಯಾಗ ಇನ್ನೊಂದು ಸಾಲು ಹಾಕೀನಿ: ಮೊದಲನೇದವನ್ನ ಬಿಡು ಅಂತ. ಎರಡು ವರ್ಷದಾಗ ಹನ್ನೊಂದು ಮಂದಿ ಓ ನೆಗೆಟಿವ್ ಹುಡಿಕ್ಯಾರ್ರಿ. ಹನ್ನೊಂದು ಮಂದಿ! ಅವ್ರೇನಾದ್ರು ಅಂತ ನಾ ಕೇಳಿಲ್ಲ.

ಕೈ ಬಿಡ್ರಿ ಕಾಕಾ, ರಟ್ಟಿ ನೋಯಾಕತ್ತೈತಿ...

ಬ್ಯಾಡ! ಬಿಡಬ್ಯಾಡ್ರಿ! ಬಿಟ್ರ ಅಥಣಿ ರಸ್ತೆ ಹಿಡದು ಓಡೇ ಹೋಗತೀನಿ, ನನ್ನ ಗುಣ ನನಗ ಗೊತ್ತೈತಿ. ಹಿಂಗ ಗಟ್ಟಿ ಹಿಡಕೊಂಡ ದವಾಖಾನಿ ಒಳಗ ನಡೀರಿ.