ಕಿವಿಯ ಹಿಂದಿನ ಎರಡು ದಿನ

ನಾನು ಶ್ಯಾಮಸುಂದರ ಬಿನ್ ಅಂಜಿನಯ್ಯ, 53 ವರ್ಷ, ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಉಪನ್ಯಾಸಕ, ವಾಸ ಅತ್ತಿಗುಪ್ಪೆ, ಆಸ್ಪತ್ರೆಯ ಹಾಸಿಗೆಯಿಂದ ತಿಳಿಯಪಡಿಸುವುದೇನೆಂದರೆ:

ನಮ್ಮ ಮಹಡಿಯ ಬಾಡಿಗೆದಾರರು ಚನ್ನವೀರೇಶ್, 51 ವರ್ಷ, ಬಾಗಲಕೋಟೆ ಕಡೆಯವರು, ಅವಿವಾಹಿತರು. ತಲೆಗೂದಲಿಗೆ ಯಾವ ಬಣ್ಣ ಹಾಕಿದರೆ ತೊಂದರೆಯಿಲ್ಲವೆಂದು ಅವರು ನನ್ನ ಪತ್ನಿ ಸೀತಾಳನ್ನು ಕೇಳಿದರು. ಮನೆಯಲ್ಲಿ ರಸಾಯನಶಾಸ್ತ್ರ ಓದಿದವನು ನಾನು. ನನ್ನನ್ನು ಕೇಳಲಿಲ್ಲ.

ದಿನಾಂಕ 12ರ ಶುಕ್ರವಾರ ಬೆಳಿಗ್ಗೆ 9.10ಕ್ಕೆ ಸೀತಾ ಇಯರ್‌ಬಡ್ಡನ್ನು ಬಣ್ಣದಲ್ಲಿ ಅದ್ದಿ ಅವರ ಎಡಗಿವಿಯ ಹಿಂದೆ ಚುಕ್ಕೆ ಇಟ್ಟು, ಒಗ್ಗದಿದ್ದರೆ ನಲವತ್ತೆಂಟು ಗಂಟೆಯಲ್ಲಿ ಗೊತ್ತಾಗುತ್ತದೆ ಎಂದಳು. ನಾನು ಆರು ಅಡಿ ದೂರದಲ್ಲಿದ್ದೆ. ಭಾನುವಾರ 9.10ಕ್ಕೆ ಸರಿಯಾಗಿ ಕಿವಿ ಮಡಿಸಿ ನೋಡಿದಳು. ಶನಿವಾರವೂ ಎರಡು ಬಾರಿ ನೋಡಿದ್ದಳು. ಅವರ ಕಿವಿ ಕೆಂಪಾಗಿರಲಿಲ್ಲ, ಉರಿ ನನಗಿತ್ತು.

ಆಮೇಲೆ ಪ್ಲಾಸ್ಟಿಕ್ ಬಟ್ಟಲು, ಕೈಗವಸು, ಬ್ರಶ್ಶು, ಹಣೆಯಂಚಿಗೆ ವ್ಯಾಸಲೀನು. "ಅಕ್ಕಾರ, ಹತ್ತ ವರ್ಷ ಸಣ್ಣಾವ ಆದೆ ನೋಡ್ರಿ" ಎಂದರು. "ಮುಂಚೇನೇ ಹೇಳಿದ್ರೆ ಇನ್ನೂ ಐದು ಕಮ್ಮಿ ಮಾಡ್ತಿದ್ದೆ" ಎಂದು ಪತ್ನಿ ನಕ್ಕಳು. ಆ ನಗುವನ್ನು ನಾನು 2011ರ ನಂತರ ಕೇಳಿರಲಿಲ್ಲ.

ನನಗೂ ಈಗಲೇ ಹಚ್ಚು ಎಂದೆ. "ಮೊದ್ಲು ಚುಕ್ಕೆ. ಎರಡು ದಿನ ತಡ್ಕೊಳ್ರೀ" ಎಂದಳು. ಸಂಜೆ 6ಕ್ಕೆ ನಂದಿನಿ ಲೇಔಟಿನಲ್ಲಿ ಆರತಕ್ಷತೆಯಿತ್ತು, ಚನ್ನವೀರೇಶರಿಗೂ ಕರೆಯಿತ್ತು. ಫೋಟೋದಲ್ಲಿ ಅವರ ತಂದೆಯಂತೆ ಕಾಣಲು ನನಗೆ ಮನಸ್ಸಿರಲಿಲ್ಲ.

ಮಧ್ಯಾಹ್ನ 12.30ಕ್ಕೆ ಅಂಗಡಿಯಿಂದ ಕಪ್ಪು ಪುಡಿಯ ಪ್ಯಾಕೆಟ್ ತಂದೆ. ಅದರ ಮೇಲಿನ ಎಚ್ಚರಿಕೆಯನ್ನು ಪೂರ್ತಿ ಓದಿದೆ. ಅದು ಸಾರ್ವಜನಿಕರಿಗೆಂದು ಭಾವಿಸಿದೆ. ಅಲ್ಯೂಮಿನಿಯಂ ಬಟ್ಟಲಲ್ಲಿ ಕಲಸಿ, ಬರಿಗೈಯಲ್ಲಿ, ಹಳೆಯ ಟೂತ್‌ಬ್ರಶ್ಶಿನಿಂದ ತಲೆಗೆ, ಮೀಸೆಗೆ, ಹುಬ್ಬಿಗೆ ಹಚ್ಚಿದೆ. ಚನ್ನವೀರೇಶ್ ಹುಬ್ಬಿಗೆ ಹಚ್ಚಿಸಿಕೊಂಡಿರಲಿಲ್ಲ, ಅದರಲ್ಲಾದರೂ ಮುಂದಿರಬೇಕೆಂದಿದ್ದೆ.

5.05ಕ್ಕೆ ಮುಖ ಊದಿ ಎರಡೂ ಕಣ್ಣು ಮುಚ್ಚಿಕೊಂಡವು. "ಸರ, ಗಟ್ಟಿ ಹಿಡ್ಕೋರಿ" ಎಂದು ಚನ್ನವೀರೇಶ್ ಸ್ಕೂಟರಿನಲ್ಲಿ ಎರಡೂವರೆ ಕಿಲೋಮೀಟರು ಕರೆತಂದರು. ಅಷ್ಟೂ ದೂರ ಅವರ ಸೊಂಟ ಹಿಡಿದಿದ್ದೆ. ರಾಸಾಯನಿಕ ತಗುಲಿದ ಪ್ರಕರಣವೆಂದು ಆಸ್ಪತ್ರೆಯವರು ತಿಳಿಸಿದ್ದರಿಂದ ತಾವು ಪೊಲೀಸ್ ಠಾಣೆಯಿಂದ ಬಂದಿದ್ದೀರಿ.

ಯಾರ ಮೇಲಾದರೂ ಅನುಮಾನವಿದೆಯೇ ಎಂದು ತಾವು ಕೇಳಿದಿರಿ. ಮೂರು ದಿನದಿಂದ ಇತ್ತು. ಹಚ್ಚಿಕೊಂಡವನು ನಾನೇ, ಯಾರ ಮೇಲೂ ದೂರಿಲ್ಲ.

ಕಣ್ಣು ಬಿಡಲಾಗದ ಕಾರಣ ಈ ಹೇಳಿಕೆಯನ್ನು ಸೀತಾಳೇ ನನಗೆ ಓದಿ ಹೇಳಿದಳು. ನಡುವೆ ಒಂದು ಕಡೆ ನಿಲ್ಲಿಸಿದಳು. "ಇಷ್ಟನ್ನ ಮನೇಲೇ ಹೇಳ್ಬಹುದಿತ್ತಲ್ರೀ, ಪೊಲೀಸ್ನೋರೇ ಬರಬೇಕಿತ್ತಾ?" ಎಂದಳು. ಅದನ್ನೂ ಬರೆದುಕೊಳ್ಳಬೇಕೆಂದು ಕೋರಿದೆ. ಬರೆದಿರುವುದೆಲ್ಲ ನಿಜ, ನಾನು ಹೇಳಿದಂತೆಯೇ ಇದೆ.

ಸ್ಥಳ: ವಿಜಯನಗರ
ದಿನಾಂಕ: 14-09-2025, ಸಂಜೆ 7.40
ಸಹಿ: ಶ್ಯಾಮಸುಂದರ
(ಕೈ ಹಿಡಿದು ಹಾಕಿಸಿದವರು: ಸೀತಾ)